ಮಿಕ್ಸರ್ ಬೇಲಿಯ ಪಕ್ಕದಲ್ಲಿ ಅಮ್ಮ: ಮೂರನೆಯ ಸಲ ಕೈಹಿಡಿದ ರಾಕ್ ಶೋ

ಹದಿನಾಲ್ಕು ವರ್ಷದ ಮಗನನ್ನು ರಾಕ್ ಶೋಗೆ ಕರೆದೊಯ್ದು, ಕೊನೆಯ ಹಾಡಿನವರೆಗೂ ನಿಂತು, ಇಬ್ಬರೂ ಮುನಿಸಿಕೊಳ್ಳದೆ ಮನೆಗೆ ಮರಳುವುದು ಆಗದ ಕೆಲಸ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಕಾಲೇಜಿನ ದಿನಗಳಲ್ಲಿ ಗಿಟಾರ್ ಹೊತ್ತು ತಿರುಗಿದ ನನ್ನ ಅಣ್ಣನಂತೂ, "ಅಮ್ಮ ಜೊತೆಗೆ ಬಂದರೆ ಅದು ರಾಕ್ ಶೋ ಆಗಲ್ಲ ಕಣೇ, ಶಾಲೆಯ ಪ್ರವಾಸ ಆಗುತ್ತೆ" ಎಂದು ನಕ್ಕಿದ್ದ. ಮೊದಲ ಎರಡು ಪ್ರಯತ್ನಗಳಲ್ಲಿ ನಾನು ಅವನ ಮಾತನ್ನೇ ನಿಜ ಮಾಡಿ ತೋರಿಸಿದೆ. ಮೂರನೆಯ ಸಲ ಮಾತ್ರ ಮುಖ್ಯ ತಂಡ ನುಡಿಸಿದ ಸುಮಾರು ಎರಡು ಗಂಟೆಯೂ ನಾವು ಅಲ್ಲಿದ್ದೆವು, ಮನೆ ತಲುಪುವವರೆಗೂ ಮಗ ಮಾತು ನಿಲ್ಲಿಸಲಿಲ್ಲ, ಮರುದಿನ ಬೆಳಿಗ್ಗೆ ಇಬ್ಬರ ಕಿವಿಯೂ ನೆಟ್ಟಗಿತ್ತು. ಈಗ ಅದೇ ಅಣ್ಣ ತನ್ನ ಮಗಳಿಗಾಗಿ ಫೋನ್ ಮಾಡಿ ವಿವರ ಕೇಳುತ್ತಿದ್ದಾನೆ. ಅವನಿಗೂ ಅವನಂಥ ಇನ್ನಿಬ್ಬರಿಗೂ ಬೇರೆಬೇರೆಯಾಗಿ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ.

ಟಿಕೆಟ್ ಕಾಯ್ದಿರಿಸುವುದು, ಬಾಗಿಲು ತೆರೆಯುವ ಹೊತ್ತಿಗೂ ಮುಖ್ಯ ತಂಡ ವೇದಿಕೆಗೆ ಬರುವ ಹೊತ್ತಿಗೂ ಇರುವ ಅಂತರ, ದೊಡ್ಡ ಚೀಲ ಒಳಗೆ ಬಿಡದಿರುವುದು ಇತ್ಯಾದಿಗಳೆಲ್ಲ ನಿಮಗೆ ಗೊತ್ತಿರುವುದೇ ಆದ್ದರಿಂದ ಅದನ್ನು ಬಿಡುತ್ತೇನೆ. ತಂಡದ ಹೆಸರನ್ನೂ ಬರೆಯುವುದಿಲ್ಲ. ತನ್ನ ಮೆಚ್ಚಿನ ತಂಡದ ಹೆಸರಿನ ಪಕ್ಕದಲ್ಲಿ ಅಮ್ಮನ ಲೇಖನ ಇರಕೂಡದು ಎಂಬುದು ಮಗನ ಷರತ್ತು. ನಾಲ್ಕು ಜನ, ಎರಡು ಗಿಟಾರ್, ಸದ್ದಿಗೆ ಕೊರತೆಯಿಲ್ಲ ಎಂದಷ್ಟೇ ತಿಳಿದುಕೊಳ್ಳಿ.

ನನ್ನ ಉಪಾಯ ಇಷ್ಟೇ. ಹಾಡು, ವಾದ್ಯಗಳ ಸದ್ದನ್ನು ಹದಗೊಳಿಸುವ ಮಿಕ್ಸರ್ ಯಂತ್ರವಿಟ್ಟುಕೊಂಡು ಸೌಂಡ್ ಎಂಜಿನಿಯರ್ ಕೂರುವ ಕಟ್ಟೆಯ ಬೇಲಿಗೆ ಒರಗಿ ನಾನು ನೆಟ್ಟ ಕಂಬದಂತೆ ನಿಲ್ಲುವುದು, ಮಗ ತನಗೆ ಬೇಕಾದಷ್ಟು ಮುಂದಕ್ಕೆ ಹೋಗುವುದು, ಮೂರು ಹಾಡಿಗೊಮ್ಮೆ ಬಂದು ಮುಖ ತೋರಿಸಿ ಮತ್ತೆ ಹೋಗುವುದು. ಇದನ್ನು ಕಂಡುಕೊಳ್ಳಲು ಒಂದೂವರೆ ವರ್ಷವೂ ಸುಮಾರು ಏಳು ಟಿಕೆಟ್‌ಗಳ ಹಣವೂ ಹೋಯಿತು. ಹಣದ ಲೆಕ್ಕ ಎಲ್ಲರಿಗೂ ಹೊಂದುವಂತಿರಲಿ ಎಂದು, ನಿಂತು ನೋಡುವ ಒಂದು ಟಿಕೆಟ್‌ನ ಬೆಲೆಯನ್ನು ನೂರು ಪಾಲು ಎಂದಿಟ್ಟುಕೊಂಡು ಹೇಳುತ್ತೇನೆ. ಅಂಕಿಗಳೆಲ್ಲ ನೆನಪಿನಿಂದ ಬರೆದವು, ಅಲ್ಪಸ್ವಲ್ಪ ಆಚೀಚೆ ಇರಬಹುದು.

ಮೊದಲ ಸಲ ಎಲ್ಲ ತಾಯಂದಿರೂ ಮಾಡುವ ತಪ್ಪನ್ನೇ ಮಾಡಿದೆ. ಕುರ್ಚಿ ಇದ್ದರೆ ಕ್ಷೇಮ ಎಂದುಕೊಂಡು ಮೇಲಿನ ಅಂತಸ್ತಿನಲ್ಲಿ ಎರಡು ಆಸನಗಳನ್ನು ತಲಾ 140 ಪಾಲು ಕೊಟ್ಟು ಕೊಂಡೆ. ಹೋಗಿ ಕೂತ ಮೇಲೆ ನೋಡಿದರೆ ವೇದಿಕೆ ನೂರು ಮೀಟರ್ ದೂರದಲ್ಲಿತ್ತು. ಶಬ್ದ ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುವುದರಿಂದ, ದೊಡ್ಡ ಪರದೆಯ ಮೇಲೆ ಡ್ರಮ್ಮರನ ಕೋಲು ಬಿದ್ದು ಸೆಕೆಂಡಿನ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಕಳೆದ ಮೇಲೆ ಅದರ ಸದ್ದು ನಮಗೆ ಬರುತ್ತಿತ್ತು. ಅದನ್ನು ಮೊದಲು ಗಮನಿಸಿದವನು ಮಗ. ಗಮನಿಸಿದ ಮೇಲೆ ಅವನಿಗೆ ಅದರ ಹೊರತು ಬೇರೇನೂ ಕಾಣದಾಯಿತು. ಮೊದಲ ಹಾಡಿಗೇ ಮುಂದಿನ ಸಾಲಿನವರೆಲ್ಲ ಎದ್ದು ನಿಂತರು. ಎತ್ತರದಲ್ಲಿ ಹಿಂದುಳಿದ ನನಗೆ ಉಳಿದ ಹೊತ್ತೆಲ್ಲ ಯಾರದೋ ಬೆನ್ನಿನ ದರ್ಶನ. ಹತ್ತಿಯನ್ನು ಉಂಡೆ ಮಾಡಿ ಇಬ್ಬರೂ ಕಿವಿಗೆ ತುರುಕಿಕೊಂಡಿದ್ದೆವು. ಅದು ನಿಷ್ಪ್ರಯೋಜಕ ಎಂಬುದು ಮರುದಿನ ಮಧ್ಯಾಹ್ನದವರೆಗೂ ಕಿವಿಯಲ್ಲಿ ಗುಂಯ್‌ಗುಡುತ್ತಿದ್ದ ಸದ್ದಿನಿಂದ ತಿಳಿಯಿತು.

ಇವೆಲ್ಲಕ್ಕಿಂತ ದೊಡ್ಡ ತಪ್ಪು ನನ್ನ ಬಾಯಿಯದು. ನೀರು ಬೇಕಾ, ತಲೆ ನೋಯುತ್ತಿದೆಯಾ, ಸದ್ದು ಜಾಸ್ತಿ ಆಯಿತಾ ಎಂದು ಕೇಳುತ್ತಲೇ ಇದ್ದೆ. ಏಳನೆಯ ಹಾಡಿನ ನಡುವೆ ಮಗ ಎದ್ದು, "ಹೋಗೋಣ" ಎಂದ. ದಾರಿಯುದ್ದಕ್ಕೂ ಒಂದೇ ಒಂದು ಮಾತು ಆಡಿದ. "ನೀನು ಹನ್ನೊಂದು ಸಲ ಕೇಳಿದೆ ಅಮ್ಮ, ನಾನು ಎಣಿಸಿದ್ದೀನಿ." ಪ್ರಯಾಣವೂ ಸೇರಿ ಆ ಸಂಜೆಗೆ 330 ಪಾಲು ಕೈಬಿಟ್ಟಿತು.

ಎರಡನೆಯ ಸಲ ಟಿಕೆಟ್ ಮಾರಾಟ ಶುರುವಾದ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗಿತ್ತು. ಪರಿಚಿತರ ಪರಿಚಿತರೊಬ್ಬರಿಂದ ಎರಡು ಟಿಕೆಟ್‌ಗಳನ್ನು 320 ಪಾಲಿಗೆ ಕೊಂಡೆ. ಅವರು ಕಳುಹಿಸಿದ್ದು ಫೋನ್ ಪರದೆಯ ಚಿತ್ರ, ಅಂದರೆ ಸ್ಕ್ರೀನ್‌ಶಾಟ್. ಅದರಲ್ಲಿದ್ದ ಕೋಡ್ ಆಯಾ ಆ್ಯಪ್‌ನೊಳಗೆ ಕ್ಷಣಕ್ಷಣಕ್ಕೂ ಬದಲಾಗುವಂಥದ್ದು, ಚಿತ್ರ ತೆಗೆದಿಟ್ಟರೆ ಸತ್ತ ಹಾಗೆಯೇ ಎಂಬುದು ನನಗೆ ಹೊಳೆಯಲಿಲ್ಲ. ಗೇಟಿನ ಯಂತ್ರ ಕೆಂಪು ದೀಪ ತೋರಿಸಿತು. ಟಿಕೆಟ್ ಕೊಟ್ಟವರು ಫೋನ್ ಎತ್ತಲಿಲ್ಲ, ಇವತ್ತಿಗೂ ಎತ್ತಿಲ್ಲ. ಮಾರಿದವರು ಆ್ಯಪ್‌ನ ಮೂಲಕವೇ ನಿಮ್ಮ ಹೆಸರಿಗೆ ವರ್ಗಾಯಿಸದೆ ಹಣ ಕೊಡಬೇಡಿ; ಅದಕ್ಕೆ ಒಪ್ಪದವರ ಬಳಿ ಟಿಕೆಟ್ ಇಲ್ಲವೆಂದೇ ತಿಳಿಯಿರಿ. ಪ್ರಯಾಣವೂ ಸೇರಿ 360 ಪಾಲು ನೀರಿನಲ್ಲಿ ಹೋಮವಾಯಿತು.

ಉಪಾಯ ಸಿಕ್ಕಿದ್ದು ಮಾತ್ರ ಅಲ್ಲಿಯೇ. ಬಂದದ್ದು ಬಂದಾಯಿತು, ಗೋಡೆಯ ಹೊರಗಿನಿಂದಾದರೂ ಕೇಳೋಣ ಎಂದು ಮಗ ಹೇಳಿದ. ಹೊರಗೆ ಕೇಳಿಸುತ್ತಿದ್ದದ್ದು ಬೇಸ್ ಗಿಟಾರಿನ ತಗ್ಗಿನ ಸ್ವರಗಳು ಮತ್ತು ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಮಾತ್ರ. ಗಿಟಾರ್, ಹಾಡುಗಾರನ ದನಿಗಳೆಲ್ಲ ಗೋಡೆಯ ಒಳಗೇ ಉಳಿದಿದ್ದವು. ಬೇಸ್ ಒಂದರಿಂದಲೇ ಇದು ಯಾವ ಹಾಡು ಎಂದು ಗುರುತಿಸುವ ಆಟ ಅವನಿಗೆ ಹಿಡಿಸಿತು. ನಾನು ಕಾಲು ನೋಯುತ್ತದೆಂದು ಒಂದು ದೀಪದ ಕಂಬದ ಬುಡದಲ್ಲಿ ಕೂತೆ. ಅವನು ಇನ್ನೊಂದು ಮೂಲೆಯಲ್ಲಿ ಚೆನ್ನಾಗಿ ಕೇಳಿಸುತ್ತದೆಯೇ ನೋಡಲು ಹೋದ. ಹಾಡು ಮುಗಿದೊಡನೆ ಓಡಿ ಬಂದು, ಅದು ಯಾವ ಹಾಡು, ಯಾವುದರಿಂದ ಗೊತ್ತಾಯಿತು ಎಂದು ಹೇಳಿ ಮತ್ತೆ ಓಡಿದ. ನಾಲ್ಕು ಹಾಡು, ನಾಲ್ಕು ಸಲ. ನಾನು ಒಮ್ಮೆಯೂ ಕರೆದಿರಲಿಲ್ಲ. ಹೇಳಲು ಏನಾದರೂ ಇದ್ದರೆ, ಹೇಳುವುದಕ್ಕೆ ನಾನು ಒಂದೇ ಜಾಗದಲ್ಲಿ ಸಿಕ್ಕಿದರೆ, ಹುಡುಗ ತಾನಾಗಿಯೇ ಬರುತ್ತಾನೆ. ಹಿಂದಿನ ಸಲ ಅವನು ಹೇಳಬೇಕಾದುದನ್ನೆಲ್ಲ ನಾನೇ ಕೇಳಿ ಮುಗಿಸಿಬಿಟ್ಟಿದ್ದೆ.

ಮೂರನೆಯ ಶೋಗೆ ನಾಲ್ಕು ತಿಂಗಳು ಇರುವಾಗಲೇ ತಯಾರಿ ಶುರು ಮಾಡಿದೆ. ಅದರಲ್ಲಿ ಮುಕ್ಕಾಲು ಪಾಲು ಕಿವಿಯ ಕೆಲಸ. ಶೋಗಳಲ್ಲಿ ಸದ್ದು 100 ಡೆಸಿಬೆಲ್‌ನ ಆಸುಪಾಸಿನಲ್ಲಿರುವುದು ಸಾಮಾನ್ಯ. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ನಡೆಸುವ ಅಮೆರಿಕದ ನಯೋಶ್ (NIOSH) ಸಂಸ್ಥೆ ಕೆಲಸದ ಸ್ಥಳಗಳಿಗೆ ಹಾಕಿಕೊಟ್ಟ ಲೆಕ್ಕದ ಪ್ರಕಾರ 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಇರಬಹುದು, ಪ್ರತಿ ಮೂರು ಡೆಸಿಬೆಲ್ ಏರಿದಾಗಲೂ ಅವಧಿ ಅರ್ಧಕ್ಕೆ ಇಳಿಯುತ್ತದೆ. ಹಾಗೆ ಇಳಿಸುತ್ತಾ ಹೋದರೆ 100ಕ್ಕೆ ಸಿಗುವುದು ಹದಿನೈದು ನಿಮಿಷ. ವಿಶ್ವ ಆರೋಗ್ಯ ಸಂಸ್ಥೆಯೂ 2022ರಲ್ಲಿ ಸಂಗೀತದ ಸ್ಥಳಗಳಿಗಾಗಿ ಹೊರಡಿಸಿದ ಮಾನದಂಡದಲ್ಲಿ, ಹದಿನೈದು ನಿಮಿಷಗಳ ಸರಾಸರಿ 100 ಡೆಸಿಬೆಲ್ ದಾಟಬಾರದು ಎಂದಿದೆ. ನಮ್ಮದು ಎರಡು ಗಂಟೆಯ ಶೋ, ಅದಕ್ಕೂ ಮುಂಚೆ ಮುಕ್ಕಾಲು ಗಂಟೆ ಬೇರೊಂದು ತಂಡ. ಇಯರ್‌ಪ್ಲಗ್ ಇಲ್ಲದೆ ಲೆಕ್ಕ ಯಾವ ದಾರಿಯಲ್ಲಿಯೂ ಹೊಂದುವುದಿಲ್ಲ.

ಮಗನ ತಕರಾರು ಬೇರೆ ರೀತಿಯದು. "ರಾಕ್ ಕೇಳುವವರು ಯಾರಾದರೂ ಕಿವಿ ಮುಚ್ಚಿಕೊಳ್ತಾರಾ?" ಎಂದು ಕೇಳಿದ. 1976ರಲ್ಲಿ ಬ್ರಿಟನ್ನಿನ ದಿ ಹೂ (The Who) ಎಂಬ ರಾಕ್ ತಂಡ ಲಂಡನ್ನಿನ ಚಾರ್ಲ್ಟನ್ ಮೈದಾನದಲ್ಲಿ ಸ್ಪೀಕರ್‌ಗಳಿಂದ 32 ಮೀಟರ್ ದೂರದಲ್ಲಿ 126 ಡೆಸಿಬೆಲ್ ಮುಟ್ಟಿ ಗಿನ್ನೆಸ್ ದಾಖಲೆ ಮಾಡಿದ್ದನ್ನು ಹೆಮ್ಮೆಯಿಂದ ಒಪ್ಪಿಸಿದ. ಅದೇ ತಂಡದ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ತಮ್ಮ ಕಿವಿ ಕೆಟ್ಟ ಕಥೆಯನ್ನು ದಶಕಗಳಿಂದ ಹೇಳುತ್ತಾ ಬಂದಿದ್ದಾರೆ, ಜನ ಕಿವಿ ಕೆಡಿಸಿಕೊಳ್ಳುತ್ತಾರೆಂದು ಗಿನ್ನೆಸ್‌ನವರೇ ಆ ದಾಖಲೆಯ ವಿಭಾಗವನ್ನು ಕೈಬಿಟ್ಟರು ಎಂದು ನಾನು ಹೇಳಿದೆ. 2016ರಲ್ಲಿ ಎಸಿ ಡಿಸಿ ತಂಡದ ಬ್ರಯಾನ್ ಜಾನ್ಸನ್ ಕಿವಿಯ ದೆಸೆಯಿಂದ ಪ್ರವಾಸದ ನಡುವೆಯೇ ಹಾಡುವುದನ್ನು ನಿಲ್ಲಿಸಬೇಕಾಯಿತು ಎಂದೂ ಹೇಳಿದೆ. ಯಾವುದೂ ನಾಟಲಿಲ್ಲ. ಕೊನೆಗೆ ಅವನ ಮೆಚ್ಚಿನ ತಂಡದ ವಿಡಿಯೊ ಒಂದನ್ನು ನಿಲ್ಲಿಸಿ ನಿಲ್ಲಿಸಿ, ನಾಲ್ವರ ಕಿವಿಯನ್ನೂ ತೋರಿಸಿದೆ. ನಾಲ್ವರ ಕಿವಿಯಲ್ಲಿಯೂ ಇನ್-ಇಯರ್ ಮಾನಿಟರ್ ಇತ್ತು. ಹೊರಗಿನ ಸದ್ದನ್ನು ತಡೆದು ತಮಗೆ ಬೇಕಾದಷ್ಟನ್ನೇ ಕೇಳಿಸಿಕೊಳ್ಳುವ ಸಾಧನ ಅದು. ವೇದಿಕೆಯ ಮೇಲೆ ಬರಿಗಿವಿಯವರು ಒಬ್ಬರೂ ಇಲ್ಲವೆಂದು ಕಂಡ ಮೇಲೆ ವಾದ ಮುಗಿಯಿತು.

ಯಾವ ಪ್ಲಗ್ ಎಂಬ ಪ್ರಶ್ನೆಗೆ ಮೂರು ವಾರ, ಸುಮಾರು 80 ಪಾಲು ಖರ್ಚಾಯಿತು. ಮೇಣದಂತೆ ಮೆತ್ತಗಿರುವ ಸಿಲಿಕೋನ್ ಉಂಡೆ ಬೆವರಿಗೆ ಜಾರಿತು. ಫೋಮ್ ಪ್ಲಗ್ ಅಗ್ಗ, ತಡೆಯುವ ಶಕ್ತಿಯೂ ಹೆಚ್ಚು. ಆದರೆ ಅದು ಮೇಲಿನ ಸ್ವರಗಳನ್ನು ಕೆಳಗಿನವಕ್ಕಿಂತ ಹೆಚ್ಚಾಗಿ ನುಂಗುವುದರಿಂದ ಸಂಗೀತ ಕಂಬಳಿಯ ಒಳಗಿನಿಂದ ಬಂದಂತೆ ಕೇಳಿಸುತ್ತದೆ. ಮಗ ಎರಡು ಹಾಡಿಗೇ ಕಿತ್ತು ಎಸೆದ. ಕಿವಿಯಲ್ಲಿ ಇಲ್ಲದ ಪ್ಲಗ್ ಎಷ್ಟು ಡೆಸಿಬೆಲ್ ತಡೆದರೇನು? ಸಂಗೀತಗಾರರಿಗೆಂದೇ ಮಾಡಿದ, ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಗ್ಗಿಸುವ ಪ್ಲಗ್‌ಗಳು ಕೊನೆಗೆ ಒಗ್ಗಿದವು. ಪೆಟ್ಟಿಗೆಯ ಮೇಲೆ ಬರೆದ ಅಂಕಿಯನ್ನು ಪೂರ್ತಿ ನಂಬದೆ 12 ಡೆಸಿಬೆಲ್ ತಗ್ಗುತ್ತದೆಂದು ಹಿಡಿದರೂ 100 ಇದ್ದದ್ದು 88ಕ್ಕೆ ಬರುತ್ತದೆ, ಅವಧಿ ನಾಲ್ಕು ಗಂಟೆಯಾಗುತ್ತದೆ, ನಮ್ಮ ಶೋ ಅದರೊಳಗೆ ಮುಗಿಯುತ್ತದೆ.

ತೊಡುವುದನ್ನು ಮಾತ್ರ ಅಭ್ಯಾಸ ಮಾಡಿಸಲೇಬೇಕು. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿನಿಂದ ತಂದು, ಬಲಗಿವಿಯ ಮೇಲ್ತುದಿಯನ್ನು ಹಿಡಿದು ಮೇಲಕ್ಕೂ ಹಿಂದಕ್ಕೂ ಎಳೆಯಬೇಕು. ಆಗ ಒಳಗಿನ ಡೊಂಕು ನೇರವಾಗಿ ಪ್ಲಗ್ ಆಳಕ್ಕೆ ಇಳಿಯುತ್ತದೆ. ಮಗನ ಕಿವಿ ಇನ್ನೂ ಚಿಕ್ಕದಾದ್ದರಿಂದ ಸಣ್ಣ ಅಳತೆಯ ತುದಿಯೇ ಬೇಕಾಯಿತು. ಪೆಟ್ಟಿಗೆಯಲ್ಲಿ ಮೊದಲೇ ಜೋಡಿಸಿ ಕೊಟ್ಟಿದ್ದ ತುದಿ ಅವನಿಗೆ ದೊಡ್ಡದು, ಮಾತಾಡಲು ದವಡೆ ಆಡಿಸಿದರೆ ಸಾಕು, ಸಡಿಲವಾಗುತ್ತಿತ್ತು. ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಬಾಯಿ ಮುಚ್ಚಿ ಹೂಂಗುಟ್ಟಿದರಾಯಿತು. ತನ್ನ ದನಿಯೇ ತಲೆಬುರುಡೆಯೊಳಗೆ ದೊಡ್ಡದಾಗಿ ಮೊಳಗಿದರೆ ಕಿವಿ ಮುಚ್ಚಿದೆ ಎಂದರ್ಥ. ರಾತ್ರಿ ಮಲಗುವ ಮುನ್ನ ಇಬ್ಬರೂ ಎದುರುಬದುರು ಕೂತು ಕಿವಿ ಎಳೆದುಕೊಂಡು ಹೂಂಗುಟ್ಟುವುದನ್ನು ಕಂಡು ನನ್ನ ಗಂಡ, ಇದೇನು ಹೊಸ ಪ್ರಾಣಾಯಾಮ ಎಂದು ಕೇಳಿದ್ದುಂಟು.

ಹಾಡುಗಳ ತಯಾರಿ ಅಷ್ಟು ಕಷ್ಟವಾಗಲಿಲ್ಲ. ಪ್ರವಾಸದಲ್ಲಿರುವ ತಂಡಗಳು ರಾತ್ರಿಯಿಂದ ರಾತ್ರಿಗೆ ಸೆಟ್‌ಲಿಸ್ಟನ್ನು ಹೆಚ್ಚು ಬದಲಾಯಿಸುವುದಿಲ್ಲವಾದ್ದರಿಂದ, ಹಿಂದಿನ ಶೋಗಳ ಪಟ್ಟಿ ನೋಡಿ ಹದಿನೆಂಟು ಹಾಡುಗಳ ಕ್ರಮ ಬರೆದುಕೊಂಡೆ. ಮಗ ತಾನು ಪಟ್ಟಿಯನ್ನು ನೋಡುವುದಿಲ್ಲ, ಆಶ್ಚರ್ಯ ಉಳಿಯಲಿ ಎಂದ. ಅದು ನನಗೇ ಅನುಕೂಲವಾಯಿತು. ಎರಡು ತಿಂಗಳು ಅಡುಗೆ ಮಾಡುವಾಗೆಲ್ಲ ಅವನ್ನೇ ಹಾಕಿಕೊಂಡೆ, ಮೊದಲು ಬರಿಯ ಬೇಸ್ ಹಿಂಬಾಲಿಸಿ, ಆಮೇಲೆ ಡ್ರಮ್. ಇಷ್ಟವಾಯಿತೇ ಎಂದರೆ ಹದಿನೆಂಟರಲ್ಲಿ ಐದು ಇಷ್ಟವಾದವು, ಎರಡನ್ನು ಈಗಲೂ ಸಹಿಸಲಾರೆ. ಇಷ್ಟವಾಗುವುದು ಇಲ್ಲಿ ಮುಖ್ಯವೂ ಅಲ್ಲ. ಮೂರನೆಯ ಹಾಡು ಯಾವಾಗ ಮುಗಿಯುತ್ತದೆ, ಯಾವ ಹಾಡಿಗೆ ಮುಂದಿನ ಜನ ಕುಣಿದು ನುಗ್ಗುತ್ತಾರೆ, ಯಾವುದು ನಿಧಾನದ ಹಾಡು ಎಂಬುದು ಕಂಬವಾಗಿ ನಿಲ್ಲುವವರಿಗೆ ಗೊತ್ತಿರಬೇಕು.

ಹಾಡು ಗೊತ್ತಿದ್ದರೆ ಸಾಲದು, ಹುಡುಗ ಮೂರು ಹಾಡಿಗೊಮ್ಮೆ ತಾನಾಗಿ ಬರುವಂತೆ ಮಾಡಲು ಅವನ ಬಳಿ ಹೇಳಲೊಂದು ವಿಷಯ ಇರಬೇಕು. ಅದಕ್ಕಾಗಿ ಆರು ಪ್ರಶ್ನೆಗಳನ್ನು ಸಿದ್ಧಮಾಡಿ, ಪ್ರತಿ ಸಲ ಒಂದನ್ನು ಮಾತ್ರ ಕೊಟ್ಟು ಕಳುಹಿಸಿದೆ. ಉತ್ತರ ವೇದಿಕೆಯ ಹತ್ತಿರ ಹೋದವರಿಗೆ ಮಾತ್ರ ಸಿಗುವಂಥದ್ದು. ಆ ಪ್ರಶ್ನೆಗಳನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಶೋಗೆ ನನಗೆ ಅವು ಬೇಕು, ಮಗ ಇದನ್ನು ಓದುತ್ತಾನೆಂಬುದೂ ಗೊತ್ತು.

ನೂಕುನುಗ್ಗಲಿನ ವಿಷಯದಲ್ಲಿ ನಾನು ತಮಾಷೆ ಮಾಡುವುದಿಲ್ಲ. 1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ಅದೇ ದಿ ಹೂ ತಂಡದ ಶೋಗೆ ಬಂದ ಹನ್ನೊಂದು ಜನ ಸತ್ತದ್ದು ಸಭಾಂಗಣದ ಬಾಗಿಲ ಹೊರಗಿನ ಒತ್ತಡದಲ್ಲಿ. 2000ದ ಜೂನ್ 30ರಂದು ಡೆನ್ಮಾರ್ಕಿನ ರಾಸ್ಕಿಲ್ಡ ಉತ್ಸವದಲ್ಲಿ ಪರ್ಲ್ ಜ್ಯಾಮ್ ತಂಡ ನುಡಿಸುತ್ತಿದ್ದಾಗ ವೇದಿಕೆಯ ಮುಂದೆ ಒಂಬತ್ತು ಮಂದಿ ಸತ್ತರು. ಬಾಗಿಲೂ ಅಪಾಯದ ಜಾಗ, ವೇದಿಕೆಯ ಮುಂಭಾಗವೂ ಅಪಾಯದ ಜಾಗ. ಆದ್ದರಿಂದ ಬಾಗಿಲು ತೆರೆದ ಕೂಡಲೇ ಓಡುವುದಿಲ್ಲ ಎಂಬುದು ನಮ್ಮ ಮೊದಲ ಒಪ್ಪಂದ. ಎರಡನೆಯದು ಮೂಗಿನ ಪರೀಕ್ಷೆ. ನಿಂತಲ್ಲಿಯೇ ಕೈ ಎತ್ತಿ ಮೂಗು ತುರಿಸಿಕೊಳ್ಳಲು ಆಗದಷ್ಟು ಒತ್ತಾದರೆ, ಎಂಥ ಹಾಡು ನಡೆಯುತ್ತಿದ್ದರೂ ಹೊರಬರಬೇಕು. ಹೊರಬರುವುದು ನೇರ ಹಿಂದಕ್ಕಲ್ಲ. ಎರಡು ಕೈಗಳನ್ನೂ ಎದೆಯ ಮುಂದೆ ಮಡಚಿಕೊಂಡು, ಒಂದು ನೂಕಿಗೂ ಇನ್ನೊಂದು ನೂಕಿಗೂ ನಡುವಿನ ಬಿಡುವಿನಲ್ಲಿ ಓರೆಯಾಗಿ ಪಕ್ಕಕ್ಕೆ ಸರಿಯಬೇಕು. ಏನು ಬಿದ್ದರೂ, ಫೋನೇ ಬಿದ್ದರೂ, ಬಗ್ಗಕೂಡದು. ಇದನ್ನೆಲ್ಲ ತುಂಬಿ ತುಳುಕುವ ಬಸ್ಸಿನಲ್ಲಿ ಹಿಂದಿನಿಂದ ಮುಂದಿನ ಬಾಗಿಲಿನವರೆಗೆ ಅಭ್ಯಾಸ ಮಾಡಿದೆವು. ವೇದಿಕೆಯ ಮುಂದೆ ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾ ಕುಣಿಯುವ ಮಾಷ್ ಪಿಟ್‌ನ ವೃತ್ತದೊಳಗೆ ಈ ವರ್ಷ ಪ್ರವೇಶವಿಲ್ಲ, ಅಂಚಿನಲ್ಲಿ ನಿಂತು ನೋಡಬಹುದು ಎಂದೆ. ಅರ್ಧ ಗಂಟೆ ವಾದ ಮಾಡಿ ಒಪ್ಪಿದ.

ಆ ದಿನ ಒಳಗೆ ಹೋದವರೇ ಮೊದಲು ಟೀ ಶರ್ಟ್ ಅಂಗಡಿಗೆ ಹೋದೆವು. ಶೋ ಮುಗಿದ ಮೇಲೆ ಹೋದರೆ ದೊಡ್ಡ ಅಳತೆಯವು ಮಾತ್ರ ಉಳಿದಿರುತ್ತವೆ. 70 ಪಾಲು! ಅರ್ಧ ಅವನ ಉಳಿತಾಯದಿಂದ ಬರಬೇಕೆಂದು ಮೊದಲೇ ಹೇಳಿದ್ದರಿಂದ, ಬೆಲೆ ನೋಡಿ ಎರಡು ನಿಮಿಷ ಯೋಚಿಸಿದ ಮೇಲೆಯೇ ಕೊಂಡ. ಆಮೇಲೆ ಮಿಕ್ಸರ್ ಬೇಲಿಯ ಬಲ ಮೂಲೆಯನ್ನು ಹಿಡಿದೆ. ಈ ಜಾಗದ ಲಾಭ ಹೇಳಬೇಕಾದರೆ, ಅಲ್ಲಿ ಒರಗಲು ಕಂಬಿ ಇದೆ, ಹಿಂದಿನಿಂದ ಯಾರೂ ನೂಕುವುದಿಲ್ಲ, ಕತ್ತಲಲ್ಲಿಯೂ ಆ ಕಟ್ಟೆಯ ಪುಟ್ಟ ದೀಪಗಳು ದೂರಕ್ಕೆ ಕಾಣುತ್ತವೆ. ಎಂಜಿನಿಯರ್ ಸದ್ದನ್ನು ಹದಗೊಳಿಸುವುದು ತನ್ನ ಕಿವಿಗೆ ಕೇಳಿಸಿದಂತೆ ಆದ್ದರಿಂದ ಇಡೀ ಮೈದಾನದಲ್ಲಿ ಒಳ್ಳೆಯ ಸಂಗೀತ ಸಿಗುವುದೂ ಅಲ್ಲಿಯೇ. ಮುಂದೆ ಹೋದ ಮಗನಿಗಿಂತ ನಾನೇ ಚೆನ್ನಾಗಿ ಕೇಳಿದೆ ಎಂದು ಈಗಲೂ ಅವನನ್ನು ಕೆಣಕುತ್ತೇನೆ. ಎಂಜಿನಿಯರ್‌ಗೆ ಅಡ್ಡ ನಿಲ್ಲದೆ, ಬೇಲಿಯ ಮೇಲೆ ಏನೂ ಇಡದೆ ಇದ್ದರೆ ಯಾರೂ ಏನೂ ಅನ್ನುವುದಿಲ್ಲ.

ಓಪನಿಂಗ್ ಬ್ಯಾಂಡ್ ನುಡಿಸುವಾಗ ನನ್ನ ಒಂದೆರಡು ಚಿಲ್ಲರೆ ಪ್ರಯೋಗಗಳನ್ನು ಮುಗಿಸಿಕೊಂಡೆ. ಫೋನಿನ ಡೆಸಿಬೆಲ್ ಆ್ಯಪ್ 100ರ ಹತ್ತಿರ ಹೋಗಿ ಅಲ್ಲಿಂದ ಮೇಲೇರುವುದನ್ನೇ ನಿಲ್ಲಿಸಿತು. ಅದು ಸದ್ದಿನ ಮಿತಿಯಲ್ಲ, ಫೋನಿನ ಮೈಕಿನ ಮಿತಿ, ಹಾಗಾಗಿ ಆ ಅಂಕಿಯನ್ನು ನಂಬಿ ಪ್ಲಗ್ ತೆಗೆಯುವ ಸಾಹಸ ಬೇಡ. ಇನ್ನೊಂದು, ಬೇಲಿಯ ನಡುವಿನಿಂದ ಪಕ್ಕಕ್ಕೆ ಮೂರು ಹೆಜ್ಜೆ ಸರಿದರೆ ಬೇಸ್ ಥಟ್ಟನೆ ತೆಳುವಾಗುತ್ತಿತ್ತು. ವೇದಿಕೆಯ ಎಡಬಲದ ಸಬ್‌ವೂಫರ್‌ಗಳ, ಅಂದರೆ ಬೇಸ್ ಹೊರಡಿಸುವ ಸ್ಪೀಕರ್‌ಗಳ ಅಲೆಗಳು ನಟ್ಟನಡುವೆ ಒಂದಕ್ಕೊಂದು ಕೂಡಿಕೊಳ್ಳುವುದರಿಂದ ಅಲ್ಲಿ ಬೇಸ್ ಹೆಚ್ಚು, ಆಚೀಚೆ ಕಡಿಮೆ. ಎದೆ ಅದುರುವುದು ಸೇರದವರು ಮೂಲೆಗೆ ಸರಿಯುವುದು ಲೇಸು. ಖಾಲಿ ನೀರಿನ ಬಾಟಲಿಯನ್ನು ಎರಡು ಅಂಗೈಗಳ ನಡುವೆ ಹಗುರವಾಗಿ ಹಿಡಿದರೆ ಬೇಸಿನ ಒಂದೊಂದು ಸ್ವರವೂ ಬೆರಳಿಗೆ ತಿಳಿಯುತ್ತದೆ ಎಂಬುದನ್ನು ಕಂಡುಕೊಂಡದ್ದೂ ಆಗಲೇ. ಅದನ್ನು ಮಗನಿಗೆ ತೋರಿಸಲು ಎತ್ತಿಟ್ಟುಕೊಂಡೆ.

ಮುಖ್ಯ ತಂಡ ಬಂದಾಗ ಜನ ಒಮ್ಮೆಲೇ ಕೂಗಿದ ಕೂಗಿಗೆ ಸಂಗೀತಕ್ಕಿಂತ ಹೆಚ್ಚು ಬೆದರಿದೆ. ಮಗ ನನ್ನನ್ನೊಮ್ಮೆ ನೋಡಿ, ಕಿವಿ ಮುಟ್ಟಿ ತೋರಿಸಿ, ಜನರ ನಡುವೆ ಮರೆಯಾದ. ಮೂರನೆಯ ಹಾಡು ಮುಗಿದು ಹಾಡುಗಾರ ಏನೋ ಮಾತಾಡುತ್ತಿರುವಾಗ ಬಂದ. ಕಿವಿಯ ಹತ್ತಿರ ಬಾಯಿ ತಂದು ಉತ್ತರ ಹೇಳಿದ, ಹೊಸ ಪ್ರಶ್ನೆ ತೆಗೆದುಕೊಂಡ, ಹೋದ. ಆರನೆಯ ಹಾಡಿಗೂ ಬಂದ. ಬಾಟಲಿ ಕೊಟ್ಟೆ, ಕೈಯಲ್ಲಿ ಹಿಡಿದು, ಕಣ್ಣು ಅರಳಿಸಿ, ಅರ್ಧ ಹಾಡು ನನ್ನ ಪಕ್ಕದಲ್ಲಿಯೇ ನಿಂತ. ನಾನು ಏನೂ ಕೇಳಲಿಲ್ಲ. ಒಂಬತ್ತಕ್ಕೂ ಬಂದ.

ಹನ್ನೆರಡಕ್ಕೆ ಬರಲಿಲ್ಲ.

ಒಂದು ಸುತ್ತು ತಪ್ಪಿದರೆ ನಾನು ಕದಲಬಾರದು, ಇನ್ನೆರಡು ಹಾಡು ಕಾಯಬೇಕು. ಆಗಲೂ ಬಾರದಿದ್ದರೆ ಇಬ್ಬರೂ ಬಲಬದಿಯ ಪ್ರಥಮ ಚಿಕಿತ್ಸೆಯ ಡೇರೆಗೆ ಹೋಗಬೇಕು ಎಂಬುದು ಕರಾರು. ಆ ಗದ್ದಲದಲ್ಲಿ ಫೋನ್ ನೆಚ್ಚುವಂತಿಲ್ಲ; ಸಾವಿರಾರು ಜನ ಒಟ್ಟಿಗೆ ವಿಡಿಯೊ ಕಳುಹಿಸುವಾಗ ಸಂದೇಶ ಗಂಟೆಗಟ್ಟಲೆ ತಡೆದು ನಿಂತದ್ದೂ ಇದೆ. ನನ್ನ ನಂಬರನ್ನು ಕಾಗದದಲ್ಲಿ ಬರೆದು ಅವನ ಜೇಬಿನಲ್ಲಿ ಇಟ್ಟಿದ್ದೆ, ಅಷ್ಟೇ. ಹದಿಮೂರನೆಯದು ನಾನು ಸಹಿಸಲಾರೆ ಎಂದೆನಲ್ಲ, ಆ ಎರಡು ಹಾಡುಗಳಲ್ಲಿ ಒಂದು. ಐದು ನಿಮಿಷದ ಹಾಡು, ಅವತ್ತು ಎಳೆದೆಳೆದು ಎಂಟಾಯಿತೇನೋ. ಹುಡುಕಿಕೊಂಡು ಹೋಗಲು ಕಾಲು ಎರಡು ಸಲ ಮುಂದಾಯಿತು. ಹೋಗಿದ್ದರೆ ಕೆಟ್ಟಿತ್ತು, ಏಕೆಂದರೆ ಅವನು ಬಂದು ನೋಡಿದಾಗ ಕಂಬ ಇರುತ್ತಿರಲಿಲ್ಲ. ಹದಿನಾಲ್ಕು ನಿಧಾನದ ಹಾಡು. ಅದರ ಮೊದಲ ಸಾಲಿಗೆ, ಎಡಗಿವಿಗೆ ಬೆರಳು ಒತ್ತಿ ಹಿಡಿದುಕೊಂಡು, ಬಲಗೈಯನ್ನು ಎದೆಯ ಮುಂದೆ ಮಡಚಿ, ಏಡಿಯಂತೆ ಓರೆಯಾಗಿ ಸರಿಯುತ್ತಾ ಬಂದ. ಪ್ಲಗ್ ಬಿದ್ದುಹೋಗಿತ್ತು. "ಬಗ್ಗಲಿಲ್ಲ ಅಮ್ಮ" ಎಂದ. ಸಣ್ಣ ತುದಿ ಜೋಡಿಸಿದ ಇನ್ನೊಂದು ಜೊತೆ ನನ್ನ ಜೇಬಿನಲ್ಲಿತ್ತು. ಎಡಗಿವಿಗೆ ಬಲಗೈ ತಲೆಯ ಮೇಲಿನಿಂದ ತಂದು, ಎಳೆದು, ಹಾಕಿಕೊಂಡು, ಹೂಂಗುಟ್ಟಿ ನೋಡಿ, ಪ್ರಶ್ನೆ ಕೇಳಿಸಿಕೊಂಡು ಹೋದ. ಇಡೀ ಒಂದೂವರೆ ವರ್ಷದ ಖರ್ಚು ನನಗೆ ಆ ಅರ್ಧ ನಿಮಿಷದಲ್ಲಿ ವಸೂಲಾಯಿತು.

ಕೊನೆಯ ಹಾಡು ಮುಗಿದು, ದೀಪ ಆರಿ, ಜನ ಕೂಗಿ, ಎನ್‌ಕೋರ್‌ಗೆ, ಅಂದರೆ ಜನರ ಒತ್ತಾಯಕ್ಕೆ ಮತ್ತೆ ನುಡಿಸಲು, ತಂಡ ಮರಳಿದಾಗ ಮಗ ಮುಂದೆ ಹೋಗದೆ ನನ್ನ ಬಳಿಯೇ ಉಳಿದ. ಚಳಿಯಾಗುತ್ತಿದೆ ಎಂದು ನೆಪ ಹೇಳಿದ. ಹಣೆಯಿಂದ ಬೆವರು ಇಳಿಯುತ್ತಿತ್ತು. ನಮ್ಮ ಮತ್ತು ಡ್ರಮ್‌ಗಳ ನಡುವೆ ಮೂವತ್ತು ಮೀಟರ್ ಇದ್ದಿರಬೇಕು. ಕೋಲು ಬಿದ್ದದ್ದಕ್ಕೂ ಸದ್ದು ಕೇಳಿದ್ದಕ್ಕೂ ಇರುವ ಅಂತರವನ್ನು ಹುಡುಕಿ, ಈ ಸಲ ಸರಿಯಾಗಿದೆ ಎಂದು ತೀರ್ಪು ಕೊಟ್ಟ. ಸೆಕೆಂಡಿನ ಹತ್ತನೇ ಒಂದು ಭಾಗವನ್ನು ಅವನು ಕ್ಷಮಿಸಿದ್ದಾನೆಂದು ಕಾಣುತ್ತದೆ.

ಹೊರಗೆ ಹೋಗಲು ಆತುರ ಮಾಡಲಿಲ್ಲ. ಇಪ್ಪತ್ತು ನಿಮಿಷ ಬೇಲಿಯ ಬಳಿಯೇ ನಿಂತು, ಕೇಬಲ್‌ಗಳನ್ನು ಎಂಟಂಕಿಯಂತೆ ಸುತ್ತಿ ಪೆಟ್ಟಿಗೆಗೆ ತುಂಬುವುದನ್ನು ನೋಡಿದೆವು. ಅವನಿಗೆ ಅದು ಎರಡನೆಯ ಶೋ ಇದ್ದಂತೆ. ಎಂಜಿನಿಯರ್ ಒಬ್ಬರು ಅವನ ಕಿವಿಯ ಪ್ಲಗ್ ನೋಡಿ ಹೆಬ್ಬೆರಳು ಎತ್ತಿ ತೋರಿಸಿದ್ದು, ನಾನು ನಾಲ್ಕು ತಿಂಗಳು ಹೇಳಿದ್ದಕ್ಕಿಂತ ಹೆಚ್ಚಿನ ಕೆಲಸ ಮಾಡಿತು. ಯಾವ ಬಾಗಿಲಿನಿಂದ ಹೊರಬಿದ್ದು ಸಾಲಿಲ್ಲದೆ ವಾಹನ ಹಿಡಿದೆವು ಎಂಬುದನ್ನು ಹೇಳುವುದಿಲ್ಲ. ಎಲ್ಲರೂ ಅಲ್ಲಿಗೇ ಬಂದರೆ ಅಲ್ಲಿಯೂ ಸಾಲಾಗುತ್ತದೆ.

ಲೆಕ್ಕ ಹೀಗಿದೆ. ಟಿಕೆಟ್ ಎರಡಕ್ಕೆ 200, ಕಾಯ್ದಿರಿಸುವ ಶುಲ್ಕವೆಂದು ಕೊನೆಯ ಪುಟದಲ್ಲಿ ಸೇರಿಸಿದ್ದು 25, ತಪ್ಪಿದ ಖರೀದಿಗಳೂ ಸೇರಿ ಪ್ಲಗ್‌ಗಳಿಗೆ 80, ಪ್ರಯಾಣಕ್ಕೆ 40, ಟೀ ಶರ್ಟಿನಲ್ಲಿ ನನ್ನ ಪಾಲು 35, ನೀರಿಗೆ 5. ಒಟ್ಟು 385. ಪ್ಲಗ್‌ಗಳು ಮುಂದಿನ ಸಲಕ್ಕೂ ಬರುತ್ತವೆ, ಬಿದ್ದುಹೋದ ಎಡಗಿವಿಯದೊಂದನ್ನು ಬಿಟ್ಟು. ಬೆಳಿಗ್ಗೆ ಎದ್ದವರೇ ಇಬ್ಬರೂ ಗೋಡೆ ಗಡಿಯಾರದ ಟಿಕ್ ಟಿಕ್ ಎಷ್ಟು ದೂರದವರೆಗೆ ಕೇಳಿಸುತ್ತದೆ ಎಂದು ಹೆಜ್ಜೆ ಅಳೆದು ನೋಡಿದೆವು. ಹಿಂದಿನ ದಿನ ಅಳೆದಿಟ್ಟ ಗುರುತಿನಲ್ಲಿಯೇ ಕೇಳಿಸಿತು. ಮಗ ಒಂಟಿಯಾಗಿ ಉಳಿದ ಬಲಗಿವಿಯ ಪ್ಲಗನ್ನು ಪೆಟ್ಟಿಗೆಗೆ ಹಾಕಿ, ಮುಚ್ಚಳದ ಮೇಲೆ ಶೋದ ತಾರೀಖು ಬರೆದು, ಟಿಕೆಟ್‌ನ ಪಕ್ಕದಲ್ಲಿ ಇಟ್ಟುಕೊಂಡಿದ್ದಾನೆ. ಮುಂದಿನ ಶೋಗೆ ಗೆಳೆಯನೊಬ್ಬನನ್ನು ಕರೆತರಬಹುದೇ ಎಂದು ನಿನ್ನೆ ಕೇಳಿದ. ಅವನ ಕಿವಿಯ ಅಳತೆ ಏನು ಎಂದು ಕೇಳಿ ಬಾ ಎಂದಿದ್ದೇನೆ.